ಹಳೆಯ ಫ್ರೆಂಚ್ ಚಿನ್ನದ ಡಬ್ಬಿಗಳ ನೀಲಿ ಬಣ್ಣ ಒಳಗಿಂದಲೇ ಬೆಳಗಿದಂತೆ ಕಾಣೋದು ಯಾಕೆ?

ಯಾಕಂದ್ರೆ ಅದು ಬಳಿದ ಬಣ್ಣವಲ್ಲ, ಗಾಜು. ಎನಾಮೆಲ್ ಅಂದ್ರೆ ಚಿನ್ನದ ಮೇಲೆ ಕರಗಿಸಿ ಕೂರಿಸಿದ ಬಣ್ಣದ ಗಾಜಿನ ತೆಳು ಪದರ. ನಿಮ್ಮ ಕಣ್ಣಿಗೆ ಹೊಳೆಯೋದು ಅದರ ತಳದಲ್ಲಿರುವ ಚಿನ್ನ.

18ನೇ ಶತಮಾನದ ಪ್ಯಾರಿಸ್‌ನ ‘ಸುವೆನಿರ್’ ಡಬ್ಬಿಯನ್ನೇ ನೋಡಿ. ಅಂಗೈಯಲ್ಲಿ ಹಿಡಿಯುವಷ್ಟು ಚಪ್ಪಟೆ ಡಬ್ಬಿ. ಒಳಗೆ ಬರೆದು ಒರೆಸಬಹುದಾದ ದಂತದ ಹಾಳೆಗಳು, ಜೊತೆಗೊಂದು ಪುಟ್ಟ ಪೆನ್ಸಿಲ್. ಮೇಲೆ ಎಷ್ಟೋ ಸಲ ‘ಸ್ನೇಹದ ನೆನಪು’ ಎಂಬ ಅರ್ಥದ ಫ್ರೆಂಚ್ ಮಾತು, ಕೆಲವದರಲ್ಲಿ ಆ ಅಕ್ಷರಗಳೂ ವಜ್ರದವೇ!

ಕುಶಲಕರ್ಮಿ ಮೊದಲು ಚಿನ್ನದ ಮೇಲೆ ಅಲೆಯಂಥ ಸಣ್ಣ ಗೆರೆಗಳನ್ನು ಕೊರೆಯುತ್ತಾನೆ. ಆಮೇಲೆ ಒದ್ದೆ ಗಾಜಿನ ಪುಡಿ ಹರಡಿ, ಸುಮಾರು 800 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಸುಡುತ್ತಾನೆ. ಒಂದರ ಮೇಲೊಂದು ಪದರ, ಪ್ರತಿ ಸಲವೂ ಕುಲುಮೆ. ಬೆಳಕು ಗಾಜನ್ನು ದಾಟಿ ಆ ಗೆರೆಗಳಿಗೆ ಬಡಿದು, ಮತ್ತೆ ಗಾಜಿನ ಮೂಲಕವೇ ಹೊರಬರುತ್ತದೆ. ಗೆರೆ ಆಳವಿದ್ದಲ್ಲಿ ಗಾಜು ದಪ್ಪ, ಬಣ್ಣ ಗಾಢ. ಉಬ್ಬಿದ ಕಡೆ ತಿಳಿ. ಡಬ್ಬಿಯನ್ನು ಸ್ವಲ್ಪ ಓರೆ ಮಾಡಿದರೆ ಸಾಕು, ನೀಲಿಯೊಳಗೆ ಅಲೆ ಓಡಿದಂತೆ ಕಾಣುತ್ತದೆ. ನನಗಂತೂ ವಜ್ರಕ್ಕಿಂತ ಇದೇ ಜಾಸ್ತಿ ಇಷ್ಟ.

ಚಿನ್ನವೇ ಯಾಕೆ ಅಂತೀರಾ? ತಾಮ್ರ ಕುಲುಮೆಯಲ್ಲಿ ಕಪ್ಪಾಗುತ್ತದೆ, ಒಳ್ಳೆ ಚಿನ್ನ ಹೊಳಪು ಬಿಡಲ್ಲ. ವಜ್ರದಂಥ ಕಲ್ಲುಗಳನ್ನು ಮಾತ್ರ, ಸುಡುವ ಕೆಲಸವೆಲ್ಲ ಮುಗಿದ ಮೇಲೆ ಕೂರಿಸುತ್ತಿದ್ದರು, ಇಲ್ಲದಿದ್ದರೆ ಶಾಖಕ್ಕೆ ಕೆಡುವ ಭಯ.