ಪುಷ್ಪಕವೂ ರಾಮನದಲ್ಲ: ಬರಹಗಾರರೊಬ್ಬರಿಗೆ ಉತ್ತರ

ನಮಸ್ಕಾರ.

ಬಾಗಲಕೋಟೆಯಿಂದ ನೀವು ಕಳಿಸಿದ ‘ಸಾಂಬ್ರಾದಿಂದ ಹಾರಿದ ಕನಸು’ ಓದಿದೆ. ಈಗಿರುವ ಹಾಗೆ ಅಚ್ಚಿಗೆ ಹಾಕಲು ಬರುವುದಿಲ್ಲ. ಬೇಜಾರಾಗಬೇಡಿ, ಯಾಕೆಂದು ಹೇಳುತ್ತೇನೆ.

ನಿಮ್ಮ ಇಡೀ ಲೇಖನ ನಿಂತಿರುವುದು ಎರಡು ಮಾತಿನ ಮೇಲೆ. ಬೆಳಗಾವಿಯಂಥ ಊರಿಗೆ ಬರುವ ಕಂಪನಿಗಳು ಕೋಟಿಗಟ್ಟಲೆ ಸುರಿದು ವಿಮಾನ ಕೊಂಡಿವೆ, ಆ ಖರೀದಿಗೆ ಸರ್ಕಾರ ಉಡಾನ್ ದುಡ್ಡು, ಅಂದರೆ ಸಣ್ಣ ಊರುಗಳಿಗೂ ವಿಮಾನ ಬರಲೆಂದು ಮಾಡಿದ ಯೋಜನೆಯ ಹಣ, ಕೊಟ್ಟಿದೆ ಎನ್ನುತ್ತೀರಿ. ಮೊದಲನೆಯದು ಬಹುಮಟ್ಟಿಗೆ ತಪ್ಪು, ಹೆಚ್ಚಿನ ವಿಮಾನಗಳು ಬಾಡಿಗೆಯವು. ಎರಡನೆಯದು ಪೂರ್ತಿ ತಪ್ಪು. ಉಡಾನ್‌ನಲ್ಲಿ ಸಿಗುವುದು ಕಡಿಮೆ ದರದ ಸೀಟುಗಳಿಂದ ಬೀಳುವ ಕೊರತೆ ತುಂಬುವ ಹಣ. ಅದೂ ಗೊತ್ತುಮಾಡಿದ ಮಾರ್ಗಕ್ಕೆ, ಮೂರು ವರ್ಷದ ಮಟ್ಟಿಗೆ. ಅದರಲ್ಲಿ ಯಾರೂ ವಿಮಾನ ಕೊಳ್ಳುವುದಿಲ್ಲ.

ವಿಮಾನದ ಬಾಲಕ್ಕೆ ಬಳಿದ ಬಣ್ಣ ನೋಡಿ ಒಡೆಯನನ್ನು ಹೇಳಿಬಿಟ್ಟಿದ್ದೀರಿ. ನಮ್ಮ ಕಡೆ ಕಬ್ಬಿನ ಟ್ರ್ಯಾಕ್ಟರಿನ ಮುಂದೆ ‘ಶ್ರೀ ಬಸವೇಶ್ವರ ಪ್ರಸನ್ನ’ ಎಂದಿರುತ್ತದೆ. ಹಾಗಂತ ಅದು ಬಸವಣ್ಣನದೇ? ಆರ್‌ಸಿ ತೆಗೆಸಿದರೆ ಫೈನಾನ್ಸಿನವರ ಹೆಸರು ಕಾಣುತ್ತದೆ. ವಿಮಾನಕ್ಕೂ ಅಂಥದೊಂದು ಗುರುತಿದೆ. ಒಮ್ಮೆ ಬೆಳಗಾವಿಯ ಸಾಂಬ್ರಾ ವಿಮಾನ ನಿಲ್ದಾಣದಲ್ಲಿ ಮುಂದಿನ ಬಾಗಿಲಿಂದ ಹತ್ತುವಾಗ ಚೌಕಟ್ಟಿನ ಮೇಲೆ ಬೆಂಕಿಪೊಟ್ಟಣದಷ್ಟು ಲೋಹದ ತಗಡೊಂದು ಕಣ್ಣಿಗೆ ಬಿತ್ತು. ಕಣ್ಣಾಡಿಸಿದಷ್ಟರಲ್ಲಿ ಟಿಕೆಟ್ ಮೇಲಿದ್ದ ಹೆಸರು ಅದರಲ್ಲಿ ಕಾಣಲಿಲ್ಲ. ನಿಮ್ಮ ಕಥೆ ಶುರುವಾಗಬೇಕಿದ್ದದ್ದು ಆ ತಗಡಿನಿಂದ.

ಟ್ರ್ಯಾಕ್ಟರ್ ಹೋಲಿಕೆಯೂ ಪೂರ್ತಿ ಕೂಡುವುದಿಲ್ಲ. ಕಂತು ತೀರಿದರೆ ಟ್ರ್ಯಾಕ್ಟರ್ ನಿಮ್ಮದೇ. ವಿಮಾನ ಬಹಳ ಸಲ ಲಾವಣಿಗೆ, ಅಂದರೆ ಗೇಣಿಗೆ, ಹಿಡಿದ ಹೊಲ. ಮಳೆ ಬರಲಿ ಬಿಡಲಿ, ಲಾವಣಿ ರೊಕ್ಕ ತಪ್ಪುವುದಿಲ್ಲ. ಹಾಗೇ ಸೀಟು ತುಂಬಲಿ ಬಿಡಲಿ, ತಿಂಗಳ ಬಾಡಿಗೆ ಹೋಗಬೇಕು, ಅದೂ ಸಾಮಾನ್ಯವಾಗಿ ಡಾಲರಿನಲ್ಲಿ. ರೂಪಾಯಿ ಇಳಿದರೆ ಹೊರೆ ತಾನಾಗಿ ಏರುತ್ತದೆ. ಇದರ ಮೇಲೆ, ಎಂಜಿನ್ ಮುಂದೆ ಬಿಚ್ಚಿ ರಿಪೇರಿ ಮಾಡುವ ಖರ್ಚಿಗೆಂದು ಹಾರಿದ ಗಂಟೆಗಿಷ್ಟು ಎಂದು ಎತ್ತಿಡುವುದೂ ಉಂಟು. ಬಿಟ್ಟುಕೊಡುವಾಗ ಮಾತಾದ ಸ್ಥಿತಿಯಲ್ಲೇ ಒಪ್ಪಿಸಬೇಕು. ಇದು ಡ್ರೈ ಲೀಸ್. ಪೈಲಟ್, ರಿಪೇರಿ, ವಿಮೆ ಸಮೇತ ತಂದರೆ ವೆಟ್ ಲೀಸ್, ಅಂದರೆ ಡ್ರೈವರ್ ಸಹಿತ ಬಾಡಿಗೆಗೆ ಹೇಳಿದ ಟ್ರ್ಯಾಕ್ಟರ್.

ಸ್ಟಾರ್ ಏರ್ ಎಂಬ ವಿಮಾನ ಕಂಪನಿಯ ಬಗ್ಗೆ ಎರಡು ಪುಟ ಬರೆದಿದ್ದೀರಿ. ಅದು 2019ರ ಜನವರಿಯಲ್ಲಿ 50 ಸೀಟಿನ ಎಂಬ್ರೇರ್ 145 ವಿಮಾನದಿಂದ ಶುರುವಾಯಿತು ಎಂಬುದು ಸರಿ. ಆದರೆ ಆಮೇಲೆ ಬಂದ ಅದೇ ಎಂಬ್ರೇರಿನ 76 ಸೀಟಿನ ಇ175 ವಿಮಾನಗಳ ಮೂಲ ಹುಡುಕಲಿಲ್ಲವಲ್ಲ! ಮೊದಲೆರಡನ್ನು ಲೀಸಿಗೆ ಕೊಟ್ಟದ್ದು ವಿಮಾನ ಬಾಡಿಗೆಗೆ ಕೊಡುವ ಐರ್ಲೆಂಡಿನ ಕಂಪನಿ ನಾರ್ಡಿಕ್ ಏವಿಯೇಶನ್ ಕ್ಯಾಪಿಟಲ್. 2025ರಲ್ಲಿ ಆ ಕಂಪನಿಯನ್ನೇ ಅಂಥದೇ ಇನ್ನೊಂದು ಕಂಪನಿ, ದುಬೈನ ಡಿಎಇ (ದುಬೈ ಏರೋಸ್ಪೇಸ್ ಎಂಟರ್‌ಪ್ರೈಸ್) ಕೊಂಡಿತು. ಕಿಟಕಿ ಪಕ್ಕ ಕೂತವರಿಗೆ ಇದರ ಸುಳಿವೂ ಸಿಕ್ಕಿರಲಿಕ್ಕಿಲ್ಲ. ಸರ್ಕಾರದ್ದೇ ಆದ ಅಲಯನ್ಸ್ ಏರ್ ಕೂಡ ಎಟಿಆರ್ ಎಂಬ ಸಣ್ಣ ವಿಮಾನಗಳನ್ನು ಲೀಸಿಗೆ ತಂದೇ ಹಾರಿಸುತ್ತದೆ.

ಬಾಡಿಗೆ ನಿಂತರೆ ಏನಾಗುತ್ತದೆ ಎಂಬುದನ್ನೂ ಬರೆಯಿರಿ. ಗೋ ಫಸ್ಟ್ ಸಣ್ಣ ಊರುಗಳ ವಿಮಾನ ಕಂಪನಿಯಲ್ಲ, ಆದರೂ ಪಾಠಕ್ಕೆ ಅದೇ ಸರಿ. 2023ರ ಮೇನಲ್ಲಿ ಅದು ದಿವಾಳಿ ಅರ್ಜಿ ಹಾಕಿತು. ಸಾಲ ಕೊಟ್ಟವರು ಮುಟ್ಟದಂತೆ ಕಾನೂನಿನ ತಡೆ ಬಿತ್ತು, ವಿಮಾನದ ಅಸಲಿ ಮಾಲೀಕರೂ ಅದರಲ್ಲಿ ಸಿಕ್ಕಿಬಿದ್ದರು. ಮಾಲೀಕರು ಒಯ್ಯಲು ಬರುವಂತೆ 54 ವಿಮಾನಗಳ ನೋಂದಣಿ ರದ್ದುಮಾಡಿ ಎಂದು ದೆಹಲಿ ಹೈಕೋರ್ಟ್ ವಿಮಾನಯಾನ ನಿಯಂತ್ರಕ ಸಂಸ್ಥೆ ಡಿಜಿಸಿಎಗೆ ಹೇಳಿದ್ದು 2024ರ ಏಪ್ರಿಲ್‌ನಲ್ಲಿ. ಒಂದು ವರ್ಷ! ನಮ್ಮಲ್ಲಿ ಎರಡು ಕಂತು ತಪ್ಪಿದರೆ ಸೀಜ್ ಮಾಡುವವರು ಓಣಿಗೇ ಬರುತ್ತಾರೆ. ಬಾಡಿಗೆ ನಿಂತರೆ ವಿಮಾನ ಮಾಲೀಕರಿಗೆ ಬೇಗ ಮರಳಬೇಕೆನ್ನುವ ಕೇಪ್‌ಟೌನ್ ಅಂತರರಾಷ್ಟ್ರೀಯ ಒಪ್ಪಂದಕ್ಕೆ ಭಾರತ ಸೇರಿದ್ದು 2008ರಲ್ಲಿ, ಅದಕ್ಕೆ ತಕ್ಕ ಕಾಯ್ದೆ ಬಂದದ್ದು 2025ರಲ್ಲಿ. ವಾಪಸ್ ಸಿಗುವ ಭರವಸೆ ಕಡಿಮೆಯಾದಷ್ಟೂ ಮಾಲೀಕರು ಬಾಡಿಗೆ ಏರಿಸುತ್ತಾರೆ. ಕೊನೆಗೆ ಅದು ಟಿಕೆಟ್ಟಿನ ಮೇಲೆ ಬೀಳುತ್ತದೆ.

ಇನ್ನು ನಿಮ್ಮ ಪುಷ್ಪಕ ವಿಮಾನದ ಪೀಠಿಕೆ. ವಿಮಾನದ ಲೇಖನ ಅಂದರೆ ಪುಷ್ಪಕ ಬಂದೇ ಬರುತ್ತದೆ, ಕಿತ್ತುಹಾಕಿ ಎಂದು ಅಂಚಿನಲ್ಲಿ ಬರೆದೂ ಆಗಿತ್ತು. ಆಮೇಲೆ ಅಳಿಸಿದೆ. ನೀವು ಅದನ್ನು ರಾಮನ ವಿಮಾನ ಎಂದಿದ್ದೀರಿ. ಅದು ಕುಬೇರನದು ಕಣ್ರಿ! ರಾವಣ ಕಸಿದುಕೊಂಡ, ರಾಮ ಅಯೋಧ್ಯೆಗೆ ಹೋಗಲು ಬಳಸಿ ಕುಬೇರನಿಗೇ ತಿರುಗಿ ಕಳಿಸಿದ. ದುಡ್ಡಿನ ದೇವರ ವಿಮಾನದಲ್ಲಿ ಬೇರೆಯವರು ಓಡಾಡಿದ ಕಥೆ ಕೈಯಲ್ಲೇ ಇಟ್ಟುಕೊಂಡು ಬಿಟ್ಟುಬಿಟ್ಟಿರಿ.

ಮೊದಲ ಸಲ ವಿಮಾನ ಹತ್ತುವ ನಿಮ್ಮ ಕಾಕಾ ಕಟಕ ರೊಟ್ಟಿ, ಶೇಂಗಾ ಚಟ್ನಿಯ ಗಂಟನ್ನು ತಪಾಸಣೆಯ ಬೆಲ್ಟಿನ ಮೇಲಿಡಲು ಒಲ್ಲೆ ಎನ್ನುವ ಜಾಗ ಬಹಳ ಚಲೋ ಬಂದಿದೆ. ಅದರಲ್ಲಿ ಒಂದು ಅಕ್ಷರವನ್ನೂ ಮುಟ್ಟಬೇಡಿ. ‘ಗಗನಕುಸುಮ’, ‘ಲೋಹದ ಹಕ್ಕಿ’ಗಳನ್ನು ಮಾತ್ರ ಹಾರಲು ಬಿಟ್ಟುಬಿಡಿ. ಎಂಟುನೂರು ಪದದೊಳಗೆ ತಂದು ಮುಂದಿನ ತಿಂಗಳ 10ರೊಳಗೆ ಕಳಿಸಿ. ಸಾಂಬ್ರಾಕ್ಕೆ ಮತ್ತೆ ಹೋದರೆ ಆ ತಗಡಿನ ಮೇಲೆ ಏನಿದೆ ಎಂದು ಬರೆದುಕೊಂಡು ಬನ್ನಿ, ಅವಸರದಲ್ಲಿ ನಾನು ಪೂರ್ತಿ ಓದಲಿಲ್ಲ.