ಫಾರ್ಸಿಯೋ, ಜಪಾನಿಯೋ?

ಪ್ರಶ್ನೆ: ಬೀದರಿನವಳು, ದ್ವಿತೀಯ ಪಿಯುಸಿ. ಫಾರ್ಸಿ (ಪರ್ಷಿಯನ್) ಇಲ್ಲವೇ ಜಪಾನಿಯಲ್ಲಿ ಬಿ.ಎ. ಮಾಡುವ ಆಸೆ. ಅಪ್ಪ ‘ಹೊಟ್ಟೆಗೇನು?’ ಅಂತಾರೆ.

ಉತ್ತರ: ಅಪ್ಪ ಕೇಳೋದು ಸರಿಯೇ, ಸಿಟ್ಟಾಗಬೇಡಮ್ಮ. ಕೆಲಸವೇ ಮುಖ್ಯವಾದರೆ ಜಪಾನಿ ಮೇಲು. ಆದರೆ ಜೆಎಲ್‌ಪಿಟಿ ಎಂಬ ಜಪಾನಿ ಭಾಷಾ ಪರೀಕ್ಷೆಯ 5 ಹಂತಗಳಲ್ಲಿ ಎನ್5 ತೀರಾ ಸುಲಭದ್ದು, ಅದಷ್ಟೇ ಸಾಲದು. ಅದಕ್ಕಿಂತ ಮೂರು ಹಂತ ಮೇಲಿನ ಎನ್2 ಆದರೂ ಮುಟ್ಟಬೇಕು.

ನನ್ನ ಮನಸ್ಸು ಮಾತ್ರ ಫಾರ್ಸಿ ಕಡೆಗೇ. ನಿಮ್ಮೂರ ಕೋಟೆಯ ರಂಗೀನ್ ಮಹಲಿನಲ್ಲೇ ಫಾರ್ಸಿ ಪದ್ಯ ಬರೆದಿದೆ. 1472ರ ಮದರಸಾ ಕಟ್ಟಿಸಿದ ಬಹಮನಿ ಮಂತ್ರಿ ಮಹಮೂದ್ ಗವಾನ್ ಫಾರ್ಸಿಯ ನಾಡು ಇರಾನಿನ ಗೀಲಾನಿನವನು. ಇಷ್ಟು ಓದುವ ಸರಕು ಊರಲ್ಲೇ ಇರೋದು ಎಲ್ಲರಿಗೂ ಸಿಗಲ್ಲ, ಅಲ್ವಾ? ಉರ್ದು ಲಿಪಿಯೂ ಹೆಚ್ಚುಕಡಿಮೆ ಫಾರ್ಸಿಯದೇ; ಓಣಿಯಲ್ಲಿ ಉರ್ದು ಬಲ್ಲವರ ಹತ್ತಿರ ಈಗಲೇ ಲಿಪಿ ಕಲಿ, ಅರ್ಧ ಭಯ ಹೋಗುತ್ತದೆ.

ದೆಹಲಿಯ ಜೆಎನ್‌ಯು ವಿಶ್ವವಿದ್ಯಾಲಯದಲ್ಲಿ ಎರಡೂ ಬಿ.ಎ. ಇವೆ. ಪ್ರವೇಶ ಸಿಯುಇಟಿ ಎಂಬ ಪ್ರವೇಶ ಪರೀಕ್ಷೆಯ ಮೂಲಕ. ಅರ್ಜಿಯ ದಿನ ತಪ್ಪಿಸಬೇಡ.