ಚೀನಾದ ಪ್ರಾಂತ್ಯಗಳ ರಾಜರಿಗೆ ಅಷ್ಟು ದೊಡ್ಡ ಸಮಾಧಿ ಯಾಕೆ?

ಚಕ್ರವರ್ತಿಗೆ ಭಾರಿ ಸಮಾಧಿ ಸರಿ, ಯಾವುದೋ ಪ್ರಾಂತ್ಯದ ರಾಜಕುಮಾರನಿಗೂ ಅಷ್ಟು ವೈಭವ ಯಾಕೆ, ಅವನಿಗೆ ಅಷ್ಟು ಅಧಿಕಾರ ಇತ್ತಾ ಅಂತ ಕೇಳಿದ್ದೀರಿ. ಹಾನ್ ವಂಶದ ಕಾಲದ ಮಟ್ಟಿಗೆ ಹೇಳುವುದಾದರೆ ನನಗೆ ಉಲ್ಟಾ ಅನಿಸುತ್ತದೆ. ಹಣ ಇತ್ತು, ಅಧಿಕಾರ ಇರಲಿಲ್ಲ.

ಕ್ರಿ.ಪೂ. 154ರಲ್ಲಿ ಏಳು ಪ್ರಾಂತ್ಯಗಳ ರಾಜರು ಚಕ್ರವರ್ತಿ ಜಿಂಗ್ ವಿರುದ್ಧ ದಂಗೆ ಎದ್ದರು. ಎಲ್ಲರೂ ಅವನ ನೆಂಟರೇ. ಕೆಲವೇ ತಿಂಗಳಲ್ಲಿ ದಂಗೆ ಮುಗಿಯಿತು. ಆಮೇಲೆ ಇಂಥ ರಾಜರಿಗೆ ಪಟ್ಟ ಮತ್ತು ವರಮಾನ ಉಳಿಯಿತು, ಆಡಳಿತ ಮಾತ್ರ ರಾಜಧಾನಿಯಿಂದ ಬಂದ ಅಧಿಕಾರಿಗಳ ಕೈ ಸೇರಿತು.

ಅದೇ ವರ್ಷ ಜಿಂಗ್‌ನ ಮಗ ಲಿಯು ಶೆಂಗ್ ಜೊಂಗ್‌ಶಾನ್ ಪ್ರಾಂತ್ಯದ ರಾಜನಾದ. ಕುಡಿತ, ಹೆಂಗಸರು ಅಂದರೆ ಪ್ರಾಣ, ಮಕ್ಕಳು ಮೊಮ್ಮಕ್ಕಳು ಸೇರಿ 120ಕ್ಕೂ ಹೆಚ್ಚು ಮಂದಿ ಇದ್ದರು ಅಂತ ಆ ಕಾಲದ ಇತಿಹಾಸಕಾರ ಸಿಮಾ ಚಿಯೆನ್ ಬರೆದಿದ್ದಾನೆ. ಅಣ್ಣನೊಬ್ಬ ರಾಜ್ಯದ ಕೆಲಸದಲ್ಲಿ ತಲೆ ಹಾಕುತ್ತಿದ್ದರೆ ಇವನು, ಅದು ಗುಮಾಸ್ತರ ಕೆಲಸ, ರಾಜನಾದವನು ಸಂಗೀತ ಕೇಳಿಕೊಂಡು ಸುಖವಾಗಿರಬೇಕು ಅನ್ನುತ್ತಿದ್ದನಂತೆ. ಜಾಣನೇ ಬಿಡಿ. ಅನುಮಾನದ ಕಣ್ಣಿಗೆ ಬೀಳದೆ ನಲವತ್ತು ವರ್ಷ ಪಟ್ಟದಲ್ಲಿದ್ದ.

ಕ್ರಿ.ಪೂ. 113ರಲ್ಲಿ ಸತ್ತಾಗ ಅದೇ ಸುಖವನ್ನು ಗುಡ್ಡದೊಳಗೂ ಕಟ್ಟಿಕೊಟ್ಟರು. ಹೆಬೈ ಪ್ರಾಂತ್ಯದ ಮಾನ್‌ಚೆಂಗ್‌ನಲ್ಲಿ ಬಂಡೆ ಕೊರೆದು ಸುಮಾರು 52 ಮೀಟರ್ ಉದ್ದದ ಮನೆ. ರಥ, ಕುದುರೆಗಳಿಗೆ ಒಂದು ಕಡೆ, ಉಗ್ರಾಣ ಇನ್ನೊಂದು ಕಡೆ, ನಡುವೆ ದೊಡ್ಡ ಹಜಾರ, ಹಿಂದೆ ಮಲಗುವ ಕೋಣೆ, ಬಚ್ಚಲು. ಮದ್ಯದ ದೊಡ್ಡ ದೊಡ್ಡ ಗುಡಾಣಗಳ ಮೇಲೆ ಯಾವ ಮದ್ಯ, ಎಷ್ಟು ಅಂತಲೂ ಬರೆದಿತ್ತು! ಬಾಗಿಲಿಗೆ ಎರಡು ಗೋಡೆ ಎಬ್ಬಿಸಿ ನಡುವೆ ಕಬ್ಬಿಣ ಕರಗಿಸಿ ಸುರಿದಿದ್ದರು. ಅದಕ್ಕೇ ಕಳ್ಳರಿಗೆ ಸಿಗಲಿಲ್ಲ. 1968ರಲ್ಲಿ ಸೈನಿಕರು ಬಂಡೆ ಒಡೆಯುವಾಗ ಆಕಸ್ಮಿಕವಾಗಿ ಸಿಕ್ಕಿತು.

ದೇಹ ಕೊಳೆಯಬಾರದು ಅಂತ ಜೇಡ್ ಎಂಬ ಬೆಲೆಬಾಳುವ ಕಲ್ಲಿನ 2498 ಬಿಲ್ಲೆಗಳನ್ನು ಚಿನ್ನದ ತಂತಿಯಿಂದ ಹೊಲಿದು ಅಡಿಯಿಂದ ಮುಡಿಯವರೆಗೆ ತೊಡಿಸಿದ್ದರು. ತಂತಿಯೇ ಸುಮಾರು 1.1 ಕಿಲೋ. ಉಡುಪು ಉಳಿಯಿತು, ದೇಹ ಮಣ್ಣಾಗಿತ್ತು. ಪಕ್ಕದ ಸಮಾಧಿಯಲ್ಲಿದ್ದ ಹೆಂಡತಿ ದೌ ವಾನ್‌ಗೂ ಇಂಥದೇ ಉಡುಪು. ಅವಳ ದೀಪವಂತೂ ನನಗೆ ಜೇಡ್ ಉಡುಪಿಗಿಂತ ಜಾಸ್ತಿ ಇಷ್ಟ. ಮಂಡಿಯೂರಿ ಕೂತ ದಾಸಿಯ ಕಂಚಿನ ಬೊಂಬೆ ದೀಪ ಹಿಡಿದಿದೆ. ಹೊಗೆ ಅವಳ ತೋಳಿನೊಳಗೆ ಹೋಗಿ ಟೊಳ್ಳು ಮೈಯಲ್ಲಿ ಸೇರುತ್ತದೆ, ಕೋಣೆ ಮಸಿಯಾಗುವುದಿಲ್ಲ. ಬೆಳಕು ಹೆಚ್ಚು ಕಡಿಮೆ ಮಾಡಲು ಸರಿಸುವ ತಗಡೂ ಇದೆ.

ಅಧಿಕಾರವಿಲ್ಲದ ಹಣ ಎಲ್ಲಿ ಸೇರುತ್ತಿತ್ತು ಅನ್ನುವುದಕ್ಕೆ ಇನ್ನೂ ಒಳ್ಳೆಯ ಸಾಕ್ಷಿ ಇದೇ ಹಾನ್ ವಂಶದ ಲಿಯು ಹೆ. ಕ್ರಿ.ಪೂ. 74ರಲ್ಲಿ 27 ದಿನ ಚಕ್ರವರ್ತಿಯಾಗಿದ್ದ, ಇಳಿಸಿದರು. ಆಮೇಲೆ ಹೈಹುನ್‌ನ ಸಣ್ಣ ಪದವಿ ಕೊಟ್ಟು ದೂರ ಕಳಿಸಿದರು. ನಾನ್‌ಚಾಂಗ್ ಹತ್ತಿರದ ಅವನ ಸಮಾಧಿ 2011ರಲ್ಲಿ ಪತ್ತೆಯಾಯಿತು. ಚಿನ್ನವೇ ನೂರು ಕಿಲೋಗೂ ಜಾಸ್ತಿ. ಕೆಲವು ಚಿನ್ನದ ಬಿಲ್ಲೆಗಳ ಮೇಲೆ ಇದು ಚಕ್ರವರ್ತಿಗೆ ಕಾಣಿಕೆ ಅಂತ ಶಾಯಿಯಲ್ಲಿ ಬರೆದಿದೆ. ಇಂಥ ಕಾಣಿಕೆ ಕೊಡುತ್ತಿದ್ದದ್ದು ವಂಶದ ಗುಡಿಯ ಪೂಜೆಗೆ. ಅಲ್ಲಿಗೆ ಅವನಿಗೆ ಪ್ರವೇಶವೇ ಇರಲಿಲ್ಲ, ಕಾಣಿಕೆ ಅವನ ಜೊತೆಗೇ ಹೂತುಹೋಯಿತು.